ಜೋಪಾನವಾಗಿಟ್ಟ ಪಾಸ್‌ಪೋರ್ಟು

ಕಳೆದ ವಾರ ಕಪಾಟಿನ ಬೀಗದ ಕೈ ಹುಡುಕುತ್ತ ಮನೆಯನ್ನೆಲ್ಲ ತಲೆಕೆಳಗು ಮಾಡಿದೆ. ಅದನ್ನು ಕಳೆದುಹಾಕಿರಲಿಲ್ಲ, ನಾನೇ ಜೋಪಾನವಾಗಿ ಎತ್ತಿಟ್ಟಿದ್ದೆ. ತೊಂದರೆ ಇರುವುದೇ ಅಲ್ಲಿ. ಎಲ್ಲೆಂದರಲ್ಲಿ ಬಿಸಾಡಿದ ವಸ್ತು ಕಾಲಿಗೆ ತೊಡರಿಕೊಂಡಾದರೂ ಸಿಗುತ್ತದೆ. ಜೋಪಾನವಾಗಿಟ್ಟದ್ದು ಇಟ್ಟವರಿಗೇ ದಕ್ಕುವುದಿಲ್ಲ. ನಿಮ್ಮ ಮನೆಯಲ್ಲೂ ಇಂಥವರು ಒಬ್ಬರಾದರೂ ಇರುತ್ತಾರೆ. ಇಲ್ಲವೆಂದರೆ ಅದು ನೀವೇ ಇರಬೇಕು. ನನ್ನ ಗಂಡನಂತೂ ಕೈ ಮುಗಿದುಬಿಟ್ಟರು. “ತಾಯೀ, ನೀನು ಯಾವುದನ್ನೂ ಜೋಪಾನ ಮಾಡಬೇಡ. ಸುಮ್ಮನೆ ಇಡು, ಸಾಕು.”

ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಕೈ ಹಾಕಿದಾಗ ಬೀಗದ ಕೈ ಸಿಗಲಿಲ್ಲ, ಒಂದು ತುಂಡು ಕೆಂಪು ಅರಗು ಸಿಕ್ಕಿತು. ಲಕೋಟೆಯ ಬಾಯಿಗೆ ಕರಗಿಸಿ ಸುರಿದು, ಮೇಲೆ ಹಿತ್ತಾಳೆಯ ಮುದ್ರೆ ಒತ್ತುತ್ತಿದ್ದ ಅರಗು. ಈಗಿನ ಮಕ್ಕಳಿಗೆ ತೋರಿಸಿದರೆ ಮುರಿದ ಬಳಪ ಎನ್ನುತ್ತಾರೆ. ಮೂಗಿಗೆ ಹಿಡಿದೆ. ವಾಸನೆ ಏನೂ ಉಳಿದಿರಲಿಲ್ಲ. ಆದರೂ ನಾನು ಬೀಗದ ಕೈಯ ವಿಷಯ ಮರೆತು, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟೆ.

ಅರಗು ಅಪ್ಪನದು. ಅಪ್ಪ ಬ್ಯಾಂಕಿನಲ್ಲಿ ಅಕೌಂಟೆಂಟು. ತಿಪಟೂರಿನ ಕಡೆಯವರು. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದಾಗ ನಾನು ಮೂರನೆಯ ಕ್ಲಾಸು. ಮೂರು ವರ್ಷದ ಮಟ್ಟಿಗೆ ಎಂದುಕೊಂಡು ಬಂದವರು ಪೆಂಡುರ್ತಿಯ ಶಾಖೆ, ಊರೊಳಗಿನ ಶಾಖೆ ಎಂದು ಅಲ್ಲಲ್ಲೇ ಸುತ್ತಿ, ನಾನು ಕಾಲೇಜು ಸೇರುವವರೆಗೂ ಉಳಿದೆವು. ಅಷ್ಟರಲ್ಲಿ ನನಗೆ ಕನಸು ಬೀಳುತ್ತಿದ್ದದ್ದು ತೆಲುಗಿನಲ್ಲಿ, ಬೈಸಿಕೊಳ್ಳುತ್ತಿದ್ದದ್ದು ಮಾತ್ರ ಕನ್ನಡದಲ್ಲಿ. ಅಮ್ಮನ ತೆಲುಗು ತರಕಾರಿಯವಳ ಗಾಡಿಯಿಂದ ಆಚೆ ಹೋಗುತ್ತಿರಲಿಲ್ಲ. ಅಪ್ಪನ ತೆಲುಗು ಬ್ಯಾಂಕಿನ ಕೌಂಟರಿನಿಂದ ಈಚೆ ಬರುತ್ತಿರಲಿಲ್ಲ. ಉಳಿದ ಲೋಕವನ್ನೆಲ್ಲ ನಾನೇ ಸಂಭಾಳಿಸಬೇಕಾಗಿತ್ತು.

ಅಪ್ಪನಿಗೆ ಬ್ಯಾಂಕು ಎಂದರೆ ಸ್ಟ್ರಾಂಗ್ ರೂಮು. ಬೆಲೆಯಿರುವ ಯಾವ ವಸ್ತುವೂ ಮನೆಯಲ್ಲಿ ಇರಕೂಡದು ಎಂಬುದು ಅವರ ಸಿದ್ಧಾಂತ. ಅಮ್ಮನ ನಾಲ್ಕೆಳೆ ಸರ ವರ್ಷದಲ್ಲಿ ಎರಡು ಸಲ, ಮದುವೆ ಇದ್ದರೆ ಮೂರು ಸಲ, ಸೂರ್ಯನನ್ನು ಕಾಣುತ್ತಿತ್ತು. “ಇನ್ನು ನನ್ನನ್ನೂ ಒಂದು ಕವರಿಗೆ ತುಂಬಿ ಅರಗು ಒತ್ತಿಸಿಬಿಡಿ, ನೆಮ್ಮದಿಯಾಗಿರ್ತೀರ” ಎಂದು ಅಮ್ಮ ಅನ್ನುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ. ಅಂಥ ಅನುಕೂಲ ಇದ್ದಿದ್ದರೆ ಮಾಡುತ್ತಿದ್ದರೋ ಏನೋ.

ಈ ಮನೆಗೆ ಮಾರ್ಗಿಟ್ ಬಂದಳು. ನಾರ್ವೆ ದೇಶದ ಹುಡುಗಿ. ಅವಳ ಕಾಲೇಜು ಅವಳನ್ನು ಒಂದು ವರ್ಷದ ಓದಿಗೆಂದು ವಿಶಾಖಪಟ್ಟಣಕ್ಕೆ ಕಳಿಸಿತ್ತು. ಓದುತ್ತಿದ್ದದ್ದು ಸಮುದ್ರದ ಮೀನುಗಳ ಬಗ್ಗೆ. ಅವಳ ಪ್ರೊಫೆಸರರು ಅಪ್ಪನ ಬ್ಯಾಂಕಿನ ಗಿರಾಕಿ. ಹುಡುಗಿಗೆ ಒಂದು ಕ್ಷೇಮವಾದ ಮನೆ ಬೇಕು ಎಂದು ಅವರು ಅಪ್ಪನನ್ನು ಕೇಳಿದರಂತೆ. ಕ್ಷೇಮ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅಪ್ಪ ಬೇರೆ ಏನೂ ಯೋಚಿಸಲಿಲ್ಲ. ಹೀಗೆ ಮೀನು ಓದುವ ಹುಡುಗಿ ಮೀನು ಮುಟ್ಟದ ಮನೆಗೆ ಬಂದು ಸೇರಿದಳು. ಬೆಳಕು ಹರಿಯುವ ಮುಂಚೆ ಸೈಕಲ್ ಹತ್ತಿ ಮೀನುಗಾರರ ಬಂದರಿಗೆ ಹೋಗುವಳು. ಬರುವಷ್ಟರಲ್ಲಿ ಅಮ್ಮ ಹಿತ್ತಲಲ್ಲಿ ಒಂದು ಬಕೆಟ್ ಬಿಸಿನೀರು, ಸೀಗೆಪುಡಿ, ಅರ್ಧ ನಿಂಬೆಹಣ್ಣು ಇಟ್ಟು ಕಾಯುವಳು. ಮೊದಲ ತಿಂಗಳು ಮೂಗಿಗೆ ಸೆರಗು. ನಾಲ್ಕನೆಯ ತಿಂಗಳಿಗೆ, ಹುಳಿ ಬಡಿಸುತ್ತ, “ಇವತ್ತು ಏನು ಬಂದಿತ್ತೇ ಬಲೆಗೆ? ಆ ಮೂತಿ ಉದ್ದದ್ದು ಮತ್ತೆ ಸಿಕ್ತಾ?” ಎಂದು ವಿಚಾರಿಸುವಷ್ಟಾಗಿದ್ದಳು.

ಮಾರ್ಗಿಟ್‌ಗೆ ನನಗಿಂತ ನಾಲ್ಕೈದು ವರ್ಷ ಹೆಚ್ಚು. ಅಕ್ಕ ಇಲ್ಲದ ನನಗೆ ಅಕ್ಕನೊಬ್ಬಳು ಸಮುದ್ರದಾಚೆಯಿಂದ ಪಾರ್ಸೆಲಿನಲ್ಲಿ ಬಂದಂತಾಗಿತ್ತು. ಒಂದೇ ಕೋಣೆ, ಒಂದೇ ಫ್ಯಾನು. ಅವಳಿಗೆ ಸೆಕೆ ಎಂದು ಫ್ಯಾನು ಅವಳ ಕಡೆ, ಅವಳಿಗೆ ಪಾಪ ಅನ್ನಿಸಿ ಮತ್ತೆ ನನ್ನ ಕಡೆ. ವಸ್ತುಗಳ ವಿಷಯದಲ್ಲಿ ಮಾತ್ರ ಅವಳು ಅಪ್ಪನ ತದ್ವಿರುದ್ಧ. ಒಂದು ಸಂಜೆ ಬೀಚಿನಲ್ಲಿ ಚೀಲದ ಸಮೇತ ಅಲೆಗೆ ಸಿಕ್ಕಿ ಬಂದವಳು, ನೆನೆದದ್ದನ್ನೆಲ್ಲ ಹಿತ್ತಲ ತಂತಿಗೆ ಹಾಕಿದಳು. ಅಪ್ಪ ಕೈಕಾಲು ತೊಳೆಯಲು ಹೋದವರು ಅಲ್ಲೇ ಕಂಬವಾಗಿ ನಿಂತರು. ಅಮ್ಮನ ರವಿಕೆಗೂ ನನ್ನ ಲಂಗಕ್ಕೂ ನಡುವೆ, ಎರಡು ಕ್ಲಿಪ್ಪು ಸಿಕ್ಕಿಸಿಕೊಂಡು, ನಾರ್ವೆ ಸರ್ಕಾರದ ಪಾಸ್‌ಪೋರ್ಟು ಗಾಳಿಗೆ ಒಣಗುತ್ತಿತ್ತು.

ಮರುದಿನವೇ ಅದನ್ನೂ ವಿಮಾನದ ಟಿಕೇಟನ್ನೂ ಅಪ್ಪ ದಪ್ಪ ಲಕೋಟೆಗೆ ಹಾಕಿ, ಅರಗು ಒತ್ತಿ, ಸ್ಟ್ರಾಂಗ್ ರೂಮಿಗೆ ಸೇರಿಸಿದರು. ಮಾರ್ಗಿಟ್ ತಕರಾರು ಮಾಡಲಿಲ್ಲ. ನಮ್ಮ ಮನೆಯಲ್ಲಿ ಯಾರು ಏನು ಕೇಳಿದರೂ ಅವಳು ಕೊಟ್ಟುಬಿಡುತ್ತಿದ್ದಳು.

ಈಗ ಆ ಕೋಣೆಯ ಸಂಗತಿ ನಿಮಗೆ ಸ್ವಲ್ಪ ಹೇಳಬೇಕು. ಅದಕ್ಕೆ ಎರಡು ಬೀಗ, ಎರಡು ಬೀಗದ ಕೈ, ಇಬ್ಬರು ಮನುಷ್ಯರು. ಒಂದು ಕೈ ಅಪ್ಪನ ಜನಿವಾರದಲ್ಲಿ ನೇತಾಡುತ್ತಿತ್ತು. ಇನ್ನೊಂದು ಕ್ಯಾಷಿಯರ್ ಪ್ರಸಾದರಾವು ಅವರ ಸೊಂಟದಲ್ಲಿ. ಇಬ್ಬರೂ ಬಂದು ನಿಂತರೆ ಮಾತ್ರ ಬಾಗಿಲು ತೆರೆಯುತ್ತದೆ. ಒಬ್ಬರೇ ಬಂದರೆ, ತಿರುಪತಿ ತಿಮ್ಮಪ್ಪನೇ ಆದರೂ ತೆರೆಯುವುದಿಲ್ಲ.

ಮಾರ್ಗಿಟ್ ಹೊರಡುವುದು ಸೋಮವಾರ ಸಂಜೆಯ ಮದ್ರಾಸ್ ರೈಲಿಗೆ. ಅಲ್ಲಿಂದ ಮರುರಾತ್ರಿ ವಿಮಾನ. ಊರು ಮುಟ್ಟಿದ ಮೂರನೆಯ ದಿನಕ್ಕೆ ಅವಳು ಒಂದು ಹಡಗು ಹತ್ತಬೇಕಿತ್ತು. ಉತ್ತರದ ಸಮುದ್ರದಲ್ಲಿ ತಿಂಗಳುಗಟ್ಟಲೆ ಸುತ್ತಿ ಮೀನುಗಳ ಸಂಶೋಧನೆ ಮಾಡುವ ಹಡಗು. ನೂರಾರು ಜನ ಅರ್ಜಿ ಹಾಕಿದ್ದರಲ್ಲಿ ಇವಳ ಹೆಸರು ಬಂದಿತ್ತು. ತಪ್ಪಿದರೆ ಹೋಯಿತು.

ಭಾನುವಾರ ಬೆಳಿಗ್ಗೆ ತಿಂಡಿಗೆ ಕೂತಾಗ ಅವಳು ಕೇಳಿದಳು. “ಅಂಕಲ್, ಪಾಸ್‌ಪೋರ್ಟು?”

“ನಾಳೆ ಹತ್ತು ಗಂಟೆಗೆ ಬ್ಯಾಂಕು ತೆಗೀತೀವಲ್ಲಮ್ಮ, ಮೊದಲು ನಿನ್ನ ಕವರು, ಆಮೇಲೆ ಮಿಕ್ಕಿದ್ದು” ಎಂದರು ಅಪ್ಪ.

ಒಲೆಯ ಮುಂದಿದ್ದ ಅಮ್ಮ ತಿರುಗಿ ನೋಡಿದಳು. “ನಾಳೆ ಎಲ್ಲಿ ಬ್ಯಾಂಕು? ನಿನ್ನೆ ರೇಡಿಯೋ ಕೇಳಿ ನೀವೇ ಕುಣಿದ್ರಲ್ಲ! ಮಂಗಳವಾರದ ಹಬ್ಬ ಸೋಮವಾರಕ್ಕೇ ಬಂತು, ಎರಡು ದಿನ ಒಟ್ಟಿಗೆ ರಜಾ ಅಂತ.”

ನಿಜ. ಚಂದ್ರ ಕಾಣುವುದರ ಮೇಲೆ ನಿಂತ ಹಬ್ಬ ಅದು; ಒಂದು ದಿನ ಹಿಂದಕ್ಕೆ ಬಂದಿತ್ತು. ಅಪ್ಪನ ಕೈಯ ಇಡ್ಲಿ ತಟ್ಟೆಗೆ ಇಳಿಯಿತು. ಆದರೂ ಅವರು ಧೈರ್ಯ ಬಿಡಲಿಲ್ಲ. ಮ್ಯಾನೇಜರನ್ನು ಕೇಳಿ, ಪ್ರಸಾದರಾವನ್ನು ಕರೆದುಕೊಂಡು ಹೋಗಿ, ರಜೆಯ ದಿನವೇ ತೆಗೆದರಾಯಿತು ಎಂದು ಸ್ಕೂಟರ್ ಹತ್ತಿದರು. ಅರ್ಧ ಗಂಟೆಯಲ್ಲಿ ವಾಪಸು ಬಂದವರ ಮುಖ ಹುಳ್ಳಗಾಗಿತ್ತು. ಮ್ಯಾನೇಜರು ಒಪ್ಪಿದ್ದರು. ಪ್ರಸಾದರಾವು ಊರಲ್ಲಿರಲಿಲ್ಲ. ಹೊಸದಾಗಿ ಮದುವೆಯಾದ ಮನುಷ್ಯ. ಹೆಂಡತಿ ಇನ್ನೂ ತವರಿನಲ್ಲಿ. ಎರಡು ದಿನ ರಜೆ ಎಂದು ಕೇಳಿದ್ದೇ ತಡ, ರಾತ್ರಿಯ ರೈಲಿಗೆ ವಿಜಯವಾಡದ ಅತ್ತೆಯ ಮನೆಗೆ ಹಾರಿದ್ದರು. ಜೊತೆಗೆ ಬೀಗದ ಕೈಯೂ ಅತ್ತೆಯ ಮನೆಗೆ ಹೋಗಿತ್ತು.

ಮನೆಗೆ ಸೂತಕ ಬಂದ ಹಾಗಾಯಿತು. ನನಗೊಬ್ಬಳಿಗೆ ಮಾತ್ರ, ಸುಳ್ಳೇಕೆ ಹೇಳಲಿ, ಹಾಲು ಕುಡಿದಷ್ಟು ಸಂತೋಷ. ರೈಲು ತಪ್ಪುತ್ತದೆ, ವಿಮಾನ ತಪ್ಪುತ್ತದೆ, ಮಾರ್ಗಿಟ್ ಉಳಿಯುತ್ತಾಳೆ! ಬೊರ್ರಾ ಗುಹೆಗೆ ಹೋಗುವುದು ಬಾಕಿಯಿದೆ, ಮಾವಿನಕಾಯಿ ಕಾಲ ಬರುತ್ತದೆ ಎಂದೆಲ್ಲ ಲೆಕ್ಕ ಹಾಕಿಕೊಂಡು ಕೋಣೆಗೆ ಓಡಿದೆ.

ಮಾರ್ಗಿಟ್ ಬೀಗ ಹಾಕಿದ ಪೆಟ್ಟಿಗೆಯ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಅವಳು ಕನ್ನಡ, ತೆಲುಗು, ಇಂಗ್ಲಿಷು ಕಲಸಿ ಆಡುತ್ತಿದ್ದ ಮಾತನ್ನು ನಾನು ಈಗ ಕನ್ನಡದಲ್ಲೇ ಹೇಳುತ್ತೇನೆ. “ಶಾಲೂ, ನನ್ನ ಅಪ್ಪನಿಗೆ ದೋಣಿ ಇದೆ ಅಂದಿದ್ದೆನಲ್ಲ. ನನ್ನ ತಮ್ಮನನ್ನು ಎಂಟು ವರ್ಷಕ್ಕೇ ಹತ್ತಿಸಿಕೊಂಡರು. ನನ್ನನ್ನು ಒಂದು ದಿನವೂ ಹತ್ತಿಸಲಿಲ್ಲ. ಹೆಣ್ಣು ಹತ್ತಿದರೆ ಬಲೆಗೆ ಮೀನು ಬೀಳುವುದಿಲ್ಲವಂತೆ. ದಡದಲ್ಲಿ ನಿಂತು ಬುಟ್ಟಿ ಹಿಡಿಯುವುದು ನನ್ನ ಕೆಲಸ. ಈ ಹಡಗಿನಲ್ಲಿ ನನಗೇ ಅಂತ ಒಂದು ಮಂಚ ಇದೆ.” ಅಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದಳು.

ಬೊರ್ರಾ ಗುಹೆ, ಮಾವಿನಕಾಯಿ ಎಲ್ಲ ಎಲ್ಲಿ ಹೋದವೋ. ಅಷ್ಟು ಹೊತ್ತು ನಾನು ಅವಳನ್ನು ಇಟ್ಟುಕೊಳ್ಳುವುದನ್ನೇ ಯೋಚಿಸಿದ್ದೆ. ಅವಳಿಗೆ ಎಲ್ಲಿಗೋ ಹೋಗಬೇಕಾಗಿದೆ ಎನ್ನುವುದು ಆಗ ತಲೆಗೆ ಹೋಯಿತು. ಎದ್ದು ಹೊರಗೆ ಬಂದೆ.

ಹೊರಗೆ ಅಪ್ಪ ಅಮ್ಮನ ಜಗಳ ನಡೆದಿತ್ತು. ವಿಜಯವಾಡದ ಭವಾನಿಪುರಂನಲ್ಲಿ ಅಪ್ಪನ ಬ್ಯಾಂಕಿನವರೇ ಆದ ಕುಲಕರ್ಣಿ ಎಂಬ ಬಿಜಾಪುರದವರಿದ್ದರು. ಪ್ರಸಾದರಾವಿನ ಅತ್ತೆಯ ಮನೆಯೂ ಅಲ್ಲೇ. ಕುಲಕರ್ಣಿಯವರ ಕೈಯಲ್ಲಿ ಬೀಗದ ಕೈ ಕೊಟ್ಟು ರೈಲು ಹತ್ತಿಸಿದರೆ ಮುಗಿಯಿತು ಎಂದು ಅಮ್ಮನ ವಾದ.

“ಎರಡು ಕೈಯೂ ಒಬ್ಬನ ಹತ್ತಿರ ಬರೋದಾದ್ರೆ ಆ ಕೋಣೆಗೆ ಗೋಡೆ ಯಾಕೆ ಬೇಕೇ? ಪ್ರಸಾದರಾವೇ ಬರಬೇಕು.”

“ಹುಡುಗಿ ಬಾಳು ದೊಡ್ಡದೋ, ನಿಮ್ಮ ರೂಲು ದೊಡ್ಡದೋ?”

“ಎರಡೂ” ಎಂದರು ಅಪ್ಪ. ಅವರೂ ಬೆವೆತಿದ್ದರು ಪಾಪ.

ಕೆಳಗಿನ ಮನೆಯ ಮಾಲೀಕರ ಫೋನಿನಿಂದ ವಿಜಯವಾಡಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿದೆವು. ಆ ಕಾಲದ ಫೋನಿನ ಡಯಲಿಗೂ ಒಂದು ಪುಟ್ಟ ಬೀಗ ಇರುತ್ತಿತ್ತು ಎಂಬುದು ನೆನಪಿರಬೇಕು ನಿಮಗೆ. ಪುಣ್ಯಕ್ಕೆ ಅದರ ಕೈ ಒಂದೇ. ಲೈನು ಸಿಕ್ಕಾಗ ಕುಲಕರ್ಣಿಯವರ ಗಟ್ಟಿ ದನಿ ಫೋನಿನ ಹೊರಗೂ ಕೇಳಿಸಿತು. “ಚಿಂತಿ ಮಾಡಬ್ಯಾಡ್ರಿ ಸರ, ಹಿಂದಿನ ಓಣ್ಯಾಗನ ಅದ ಆ ಮನಿ. ಸ್ಕೂಟರ್ ಮ್ಯಾಲೆ ಕೂಡಿಸ್ಕೊಂಡು ಬರ್ತೀನಿ. ನೀವು ಮತ್ತೊಮ್ಮೆ ಮಾಡ್ರಿ.”

ಮತ್ತೆ ಮಾಡಿದಾಗ ಸ್ಕೂಟರ್ ಮೇಲೆ ಬಂದಿದ್ದದ್ದು ಪ್ರಸಾದರಾವಲ್ಲ, ಅವರ ಅತ್ತೆ ಸುಬ್ಬಮ್ಮಗಾರು. ಅಳಿಯಂದಿರು ತಲೆಗೆ ಎಣ್ಣೆ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತಿದ್ದಾರೆ, ಹಾಗೆಲ್ಲ ಎದ್ದು ಬರುವಂತಿಲ್ಲ. ಅಪ್ಪ ತಮ್ಮ ಕೌಂಟರಿನ ತೆಲುಗಿನಲ್ಲಿ ಎರಡು ವಾಕ್ಯ ಹೇಳಿ, ಸೋತು, ಫೋನನ್ನು ನನ್ನ ಕೈಗೆ ತುರುಕಿದರು.

ನಾನು ಎಲ್ಲ ಹೇಳಿದೆ. ಆ ಕಡೆಯಿಂದ ಒಂದೇ ಉತ್ತರ. “ಅಲ್ಲುಡುಗಾರು ಭೋಜನಂ ಚೆಯ್ಯಕುಂಡಾ ಗಡಪ ದಾಟಕೂಡದು, ಅಮ್ಮಾಯಿ.” ಅಳಿಯ ಊಟ ಮಾಡದೆ ಹೊಸಲು ದಾಟಕೂಡದು. ಮದುವೆಯಾದ ಮೇಲೆ ಮೊದಲ ಸಲ ಬಂದಿದ್ದಾನೆ. ಸೋಮವಾರ ಮಧ್ಯಾಹ್ನ ಅಳಿಯನ ಔತಣ, ಬೀದಿಗೆಲ್ಲ ಹೇಳಿಯಾಗಿದೆ. ಹಸಿದ ಅಳಿಯನನ್ನು ಕಳಿಸಿದರೆ ಮಗಳ ಸಂಸಾರ ಏನಾಗಬೇಕು? ಆಕೆಯ ಮಾತಿನಲ್ಲಿ ಹಟ ಇರಲಿಲ್ಲ, ನಿಜವಾದ ಹೆದರಿಕೆ ಇತ್ತು. ಹೆದರಿಕೆಗೆ ವಾದ ಹೂಡಿದರೆ ಏನು ಬಂತು? ನಾನು ಬ್ಯಾಂಕಿನ ಮಾತು ಬಿಟ್ಟೆ. ಮಾರ್ಗಿಟ್‌ನ ಅಪ್ಪ, ದೋಣಿ, ದಡದಲ್ಲಿ ಬುಟ್ಟಿ ಹಿಡಿದು ನಿಂತ ಹುಡುಗಿ, ಕೊನೆಗೆ ಸಿಕ್ಕ ಒಂದು ಮಂಚ, ಇದನ್ನು ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅಳು ಬಂದುಬಿಟ್ಟಿತು. ಮೂರು ನಿಮಿಷ ಮುಗಿಯಿತೆಂದು ಆಪರೇಟರ್ ಎಚ್ಚರಿಸಿದ. “ನೇನು ಚೂಸುಕುಂಟಾನು,” ನಾನು ನೋಡಿಕೊಳ್ಳುತ್ತೇನೆ ಎಂದರು ಸುಬ್ಬಮ್ಮಗಾರು. ಲೈನು ಕಡಿಯಿತು.

ನೋಡಿಕೊಳ್ಳುತ್ತೇನೆ ಎಂದರೆ ಏನರ್ಥ? ಕಳಿಸುತ್ತೇನೆ ಅಂತಲೋ, ಸಾಗಹಾಕಿದ್ದೋ? ಆ ದಿನವೆಲ್ಲ ಮನೆಯಲ್ಲಿ ಇದೇ ಚರ್ಚೆ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಅಪ್ಪ ಜನಿವಾರದ ಬೀಗದ ಕೈಯನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಸೋಮವಾರ ಮಧ್ಯಾಹ್ನ ನಾವೆಲ್ಲ ಬ್ಯಾಂಕಿನ ಮೆಟ್ಟಿಲ ಮೇಲೆ, ಮಾರ್ಗಿಟ್‌ನ ಪೆಟ್ಟಿಗೆಗಳ ಸಮೇತ. ವಿಜಯವಾಡದ ರೈಲು ಬರುವ ಹೊತ್ತು ಕಳೆದು ಎಷ್ಟೋ ಆಗಿತ್ತು. ಸಂಜೆಯ ರೈಲಿಗೆ ಇನ್ನು ಎರಡು ಗಂಟೆಯೂ ಇರಲಿಲ್ಲ. ಆಗ ಒಂದು ಆಟೋ ಬಂದು ನಿಂತಿತು. ಮೊದಲು ಇಳಿದದ್ದು ಒಂದು ಊಟದ ಕ್ಯಾರಿಯರ್. ಆಮೇಲೆ ಇನ್ನೊಂದು. ಆಮೇಲೆ ಬಾಳೆಎಲೆಯ ಸುರುಳಿ, ಪುಳಿಹೋರದ ಡಬರಿ, ಬೊಬ್ಬಟ್ಟು ಎಂಬ ಹೋಳಿಗೆಯ ಬುಟ್ಟಿ. ಇವೆಲ್ಲದರ ಹಿಂದೆ ಪ್ರಸಾದರಾವು, ಅರಿಶಿನದ ಬಟ್ಟು ಮಾಸದ ಅವರ ಹೆಂಡತಿ, ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದ ಸುಬ್ಬಮ್ಮಗಾರು. ರೈಲನ್ನು ಊರ ಹೊರಗಿನ ದುವ್ವಾಡ ಸ್ಟೇಷನ್ನಿನಲ್ಲಿ ನಿಲ್ಲಿಸಿ ಹಾಕಿದ್ದರಂತೆ. ಇನ್ನೇನು ಬಿಡುತ್ತದೆ ಎಂದು ಅಳಿಯ ಕೂತಿದ್ದರೆ, ಅತ್ತೆ ಎಲ್ಲರನ್ನೂ ಇಳಿಸಿ ಆಟೋ ಹಿಡಿಸಿದ್ದರು. ಅಳಿಯ ಊಟವಿಲ್ಲದೆ ಹೊಸಲು ದಾಟಕೂಡದಾದ್ದರಿಂದ ಊಟವೇ ಅವನ ಹಿಂದೆ ಹೊಸಲು ದಾಟಿತ್ತು.

ಅಪ್ಪ ಓಡಿಹೋಗಿ ಪ್ರಸಾದರಾವಿನ ಕೈ ಹಿಡಿದು ಒಳಗೆ ಎಳೆದರು. ಸುಬ್ಬಮ್ಮಗಾರು ಅಡ್ಡ ನಿಂತರು. ಔತಣದ ಊಟ ಆಗಬೇಕು, ಆಮೇಲೆ ಬೀಗ. ಹೊಟ್ಟೆಗಿಲ್ಲದೆ ತೆಗೆದ ಬಾಗಿಲಿನಿಂದ ಹುಡುಗಿಗೂ ಒಳ್ಳೆಯದಾಗುವುದಿಲ್ಲ.

“ಅಮ್ಮಾ, ಟೈಮ್ ಲೇದು!” ಎಂದು ಅಪ್ಪ ಗೋಗರೆದರು. ವಾಚು ತೋರಿಸಿದರು. ಅಮ್ಮ ನನ್ನ ಕಿವಿಯಲ್ಲಿ, “ಸುಮ್ನಿರೋಕೆ ಹೇಳೇ ಅವರಿಗೆ. ಬಡಿಸೋಕೆ ನಾವೂ ಕೈ ಹಾಕಿದ್ರೆ ಬೇಗ ಆಗತ್ತೆ” ಅಂದಳು. ನೋಡನೋಡುತ್ತಿದ್ದ ಹಾಗೆ ಕ್ಯಾಷ್ ಕೌಂಟರಿನ ಉದ್ದಕ್ಕೂ ಬಾಳೆಎಲೆ ಬಿತ್ತು. ದಿನವೂ ನೋಟು ಎಣಿಸುವ ಜಾಗದಲ್ಲಿ ಪಪ್ಪು ಎಂಬ ತೊವ್ವೆ, ಗೋಂಗೂರ ಸೊಪ್ಪಿನ ಚಟ್ನಿ, ಪುಳಿಹೋರ. ಗಿರಾಕಿಗಳು ನಿಲ್ಲುವ ಕಡೆ ನಾವು ನಿಂತು ಬಡಿಸಿದೆವು. ಕ್ಯಾಷಿಯರ್ ತಮ್ಮ ಕುರ್ಚಿಯಲ್ಲೇ ಕೂತು ಅಳಿಯತನ ಮಾಡಿದರು. ಅಪ್ಪ ಮೊದಲು ನಿಂತೇ ಇದ್ದರು. ಸುಬ್ಬಮ್ಮಗಾರು ಬೊಬ್ಬಟ್ಟಿನ ಮೇಲೆ ತುಪ್ಪ ಹೊಯ್ದು ಮುಂದೆ ಹಿಡಿದಾಗ ಬೇಡ ಎನ್ನಲಾಗದೆ ಬಾಯಿಗೆ ಹಾಕಿಕೊಂಡರು, ಮುಖ ಮಾತ್ರ ಗಡಿಯಾರದ ಕಡೆಗೆ. ಮಾರ್ಗಿಟ್ ಗೋಂಗೂರದ ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತ ನಗುತ್ತಿದ್ದಳು. ಎರಡು ದಿನದಲ್ಲಿ ಅವಳ ನಗು ಕಂಡದ್ದು ಆಗಲೇ. ಆ ಊಟದ ರುಚಿ ಹೇಗಿತ್ತು ಎಂದು ಕೇಳಬೇಡಿ. ಉಪ್ಪಿತ್ತೋ ಇಲ್ಲವೋ ನನಗೆ ತಿಳಿಯದು, ಅಷ್ಟು ಸಂತೋಷವಾಗಿತ್ತು.

ಕೈ ತೊಳೆದು ಇಬ್ಬರೂ ಒಳಗೆ ಹೋದರು. ಒಂದು ಬೀಗದ ಕೈ ತಿರುಗಿದ ಸದ್ದು, ಇನ್ನೊಂದು ಬೀಗದ ಕೈ ತಿರುಗಿದ ಸದ್ದು. ಅಪ್ಪ ಲಕೋಟೆ ತಂದು, ಅರಗು ಒಡೆದಿಲ್ಲವೆಂದು ಮಾರ್ಗಿಟ್‌ಗೆ ತೋರಿಸಿ, ರುಜು ಹಾಕಿಸಿಕೊಂಡೇ ಕೊಟ್ಟರು. ಅಷ್ಟು ಅವಸರದಲ್ಲೂ ಅದು ಬಿಡಲಿಲ್ಲ. ಕೊಟ್ಟ ಮರುಗಳಿಗೆ, “ಸ್ಟೇಷನ್ನಿನವರೆಗೆ ನನ್ನ ಹತ್ರ ಇರಲಿ” ಎಂದು ವಾಪಸು ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಅದನ್ನೂ ಬಿಡಲಿಲ್ಲ.

ಸ್ಟೇಷನ್ನಿಗೆ ಎಲ್ಲರೂ ಬಂದೆವು. ಮರುದಿನ ಬ್ಯಾಂಕು ತೆಗೆಯಬೇಕಾದ್ದರಿಂದ ಪ್ರಸಾದರಾವು ಮತ್ತೆ ವಿಜಯವಾಡಕ್ಕೆ ಹೋಗುವಂತಿರಲಿಲ್ಲ. ಮುಂದಿನ ತಿಂಗಳು ಶಾಸ್ತ್ರ ಮಾಡಿ ಕಳಿಸಬೇಕಾಗಿದ್ದ ಮಗಳನ್ನು ಸುಬ್ಬಮ್ಮಗಾರು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಬಂದದ್ದು ಬಂದಾಯಿತು, ಇನ್ನು ಗಂಡನ ಜೊತೆ ಇಲ್ಲೇ ಇರು ಎಂದುಬಿಟ್ಟರು. ಮದ್ರಾಸ್ ರೈಲು ವಿಜಯವಾಡದ ಮೇಲೆಯೇ ಹೋಗುವುದರಿಂದ ತಾವು ಮಾರ್ಗಿಟ್‌ನ ಬೋಗಿಯನ್ನೇ ಹತ್ತಿದರು. ಟಿಕೇಟು ನೋಡುವವನು ಏನೋ ಅನ್ನಲು ಬಂದ. “ಒಕ ಕೂತುರ್ನಿ ದಿಗಬೆಟ್ಟಿ ಇಂಕೋ ಕೂತುರ್ನಿ ತೀಸುಕೆಳ್ತುನ್ನಾ ನಾಯನಾ,” ಒಬ್ಬ ಮಗಳನ್ನು ಬಿಟ್ಟು ಇನ್ನೊಬ್ಬಳನ್ನು ಕರೆದುಕೊಂಡು ಹೋಗುತ್ತಿದ್ದೇನಪ್ಪಾ ಎಂದು ಅವನ ಕೈಗೂ ಒಂದು ಬೊಬ್ಬಟ್ಟು ಇಟ್ಟರು. ಅವನು ಮುಂದಕ್ಕೆ ಹೋದ.

ಅಮ್ಮ ಮಾರ್ಗಿಟ್‌ನ ಕೆನ್ನೆ ಸವರಿದಳು. ನಾನು ಅವಳ ಕೈಯನ್ನು ಕಿಟಕಿಯ ಸರಳಿನ ನಡುವಿನಿಂದ ಹಿಡಿದುಕೊಂಡಿದ್ದೆ. ಸಿಳ್ಳೆ ಊದಿದ ಮೇಲೆಯೇ ಅಪ್ಪ ಜೇಬಿನಿಂದ ಪಾಸ್‌ಪೋರ್ಟು ಟಿಕೇಟು ತೆಗೆದು ಒಳಗೆ ಕೊಟ್ಟರು. ಕೊಟ್ಟ ಕೂಡಲೇ ಪಕ್ಕದಿಂದ ಸುಬ್ಬಮ್ಮಗಾರು ಕೈ ಚಾಚಿದರು. “ಇಲಾ ಇವ್ವಮ್ಮಾ, ನಾ ದಗ್ಗರ ಭದ್ರಂಗಾ ಉಂಟುಂದಿ.” ಇಲ್ಲಿ ಕೊಡಮ್ಮ, ನನ್ನ ಹತ್ತಿರ ಭದ್ರವಾಗಿರುತ್ತದೆ. ಸೊಂಟದ ಚೀಲವನ್ನೂ ಬಿಚ್ಚಿದ್ದರು.

ಮಾರ್ಗಿಟ್ ಒಂದು ಗಳಿಗೆ ಆ ಕೈಯನ್ನು ನೋಡಿದಳು. ಒಂದು ಗಳಿಗೆ ಅಪ್ಪನನ್ನು. ಆಮೇಲೆ ಎರಡೂ ಕೈಯಿಂದ ಪಾಸ್‌ಪೋರ್ಟನ್ನು ಎದೆಗೆ ಒತ್ತಿಕೊಂಡಳು.

“ವದ್ದು ಅಮ್ಮಾ,” ಎಂದಳು, ಮೆಲ್ಲಗೆ, ಆದರೆ ಸ್ಪಷ್ಟವಾಗಿ. “ನಾ ದಗ್ಗರೇ ಉಂಚುಕುಂಟಾನು.” ಬೇಡಮ್ಮ, ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಸುಬ್ಬಮ್ಮಗಾರು ಬೆಪ್ಪಾಗಿ, ಆಮೇಲೆ ದೊಡ್ಡದಾಗಿ ನಕ್ಕರು. ರೈಲು ಹೊರಟಿತು. ನನ್ನ ಕೈಯಿಂದ ಅವಳ ಬೆರಳು ಜಾರುವಷ್ಟು ದೂರ ಓಡಿ, ನಿಂತು, ತಿರುಗಿ ಬಂದೆ. ಅಪ್ಪ ಇನ್ನೂ ಅದೇ ಜಾಗದಲ್ಲಿದ್ದರು.

“ಕೊಡಲಿಲ್ಲ ನೋಡಪ್ಪ” ಎಂದೆ.

“ಕೊಡಬಾರದು” ಎಂದರು ಅಪ್ಪ, ರೈಲು ಹೋದ ಕಡೆಗೇ ನೋಡುತ್ತ. “ಹಡಗು ಹತ್ತೋ ಹುಡುಗಿ ಕೊಡಬಾರದು.”